ಒಂದೇ ಕಿವಿಯಲ್ಲಿ ಪಿಂಕ್ ಫ್ಲಾಯ್ಡ್ ಮೊದಲ ಆಲ್ಬಮ್: ತಪ್ಪು ನನ್ನ ವೈರಿನದ್ದೋ, ಅವರದ್ದೋ?

ಬನಶಂಕರಿ ಲೋಕಲ್

ನಮಸ್ಕಾರ. ಒಂದು ಪೆದ್ದು ಪ್ರಶ್ನೆ ಇದೆ, ನಗಬೇಡಿ.

ನನ್ನದು ವೈರಿನ ಇಯರ್‌ಫೋನ್. ಎರಡು ತಿಂಗಳಿಂದ ಬಲಗಡೆಯದ್ದು ಸರಿಯಿಲ್ಲ. ಪಿನ್ ಹತ್ತಿರ ವೈರನ್ನು ಒಂಚೂರು ಬಗ್ಗಿಸಿ ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ಬರುತ್ತೆ, ಬಿಟ್ಟರೆ ಹೋಗುತ್ತೆ. ರಬ್ಬರ್ ಬ್ಯಾಂಡ್ ಸುತ್ತಿ ಕಾಲ ತಳ್ಳುತ್ತಿದ್ದೇನೆ.

ಹೋದ ವಾರ ಆಫೀಸಿನ ಗೆಳೆಯ, 'ಪಿಂಕ್ ಫ್ಲಾಯ್ಡ್ ಅಂದ್ರೆ ಬರೀ ಆ ತ್ರಿಕೋನದ ಹೊದಿಕೆಯ ಆಲ್ಬಮ್ ಅಲ್ಲ, ಮೊದಲನೆಯದ್ದು ಕೇಳು' ಅಂದ. ಇಂಗ್ಲೆಂಡಿನ ಆ ರಾಕ್ ಬ್ಯಾಂಡಿನ ಮೊದಲ ಆಲ್ಬಮ್, 1967ರದ್ದು, 'ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್'. ಬನಶಂಕರಿಯಲ್ಲಿ ಮೆಟ್ರೋ ಹತ್ತಿದ ಕೂಡಲೇ ಹಾಕಿದೆ. ಮೆಜೆಸ್ಟಿಕ್ ದಾಟಿದ ಮೇಲೆ 'ಇಂಟರ್‌ಸ್ಟೆಲ್ಲಾರ್ ಓವರ್‌ಡ್ರೈವ್' ಶುರುವಾಯಿತು. ಹತ್ತು ನಿಮಿಷಕ್ಕೆ ಸ್ವಲ್ಪ ಕಮ್ಮಿ, ಹಾಡೋರು ಯಾರೂ ಇಲ್ಲ, ಬರೀ ವಾದ್ಯ. ಯಶವಂತಪುರ ಬರುವ ಹೊತ್ತಿಗೆ ಶಬ್ದ ಹೋಯಿತು. ಬಂತು. ಮತ್ತೆ ಹೋಯಿತು. ನಾನು ವೈರು ಬಗ್ಗಿಸಿದೆ, ತಿರುಚಿದೆ, ಪಿನ್ ಕಿತ್ತು ಉಫ್ ಅಂತ ಊದಿ ಹಾಕಿದೆ. ಪಕ್ಕದಲ್ಲಿದ್ದ ಅಜ್ಜಿ 'ಏನಪ್ಪಾ, ಫೋನ್ ಬಿಸಿಯಾಯ್ತಾ?' ಅಂದರು.

ಮಾರನೇ ದಿನ ಮತ್ತೆ ಹಾಕಿದರೆ ಅದೇ ಜಾಗದಲ್ಲಿ ಅದೇ ಕಥೆ. ವೈರು ಹಾಳಾಗಿದ್ದರೆ ಸರಿಯಾಗಿ ಅದೇ ಜಾಗದಲ್ಲಿ ಯಾಕೆ ಕೈಕೊಡುತ್ತೆ?

ಫೇಡರ್ ಮೇಲೆ ಬೆರಳು

ಪೆದ್ದು ಪ್ರಶ್ನೆ ಏನಲ್ಲ ಗುರು. ನಿನ್ನ ವೈರು ಹಾಳಾಗಿರೋದೂ ನಿಜ, ಆದರೆ ಆ ಹಾಡಿನಲ್ಲಿ ತಪ್ಪು ವೈರಿನದ್ದಲ್ಲ.

ಆ ಹಾಡಿನ ಕೊನೆಯಲ್ಲಿ ಶುರುವಿನ ರಿಫ್ (ಪದೇ ಪದೇ ನುಡಿಸೋ ಗಿಟಾರ್ ಸಾಲು) ವಾಪಸ್ ಬರುತ್ತದಲ್ಲ, ಸ್ಟಿರಿಯೋ (ಎರಡು ಕಿವಿಗೆ ಬೇರೆ ಬೇರೆ ಶಬ್ದ) ಮಿಕ್ಸಿನಲ್ಲಿ ಆಗ ಶಬ್ದವನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬೇಕಂತಲೇ ಎಸೆದಾಡಿದ್ದಾರೆ. ಎರಡೂ ಕಿವಿ ಇದ್ದರೆ ತಲೆಯೊಳಗೆ ಜೋಕಾಲಿ. ಒಂದೇ ಕಿವಿ ಇದ್ದರೆ ಕರೆಂಟ್ ಹೋಗಿ ಬಂದ ಹಾಗೆ.

ಬೇರೆ ಹಾಡುಗಳಲ್ಲೂ ಏನೋ ಕಮ್ಮಿ ಅನ್ನಿಸಿರಬೇಕು. ಅದಕ್ಕೆ ಕಾರಣ ಬೇರೆ. ನಾನು ದಿನಾ ಮಿಕ್ಸಿಂಗ್ (ಬೇರೆ ಬೇರೆ ಶಬ್ದಗಳನ್ನು ಹದವಾಗಿ ಸೇರಿಸೋ ಕೆಲಸ) ಮಾಡಿಯೇ ಹೊಟ್ಟೆ ಹೊರೆಯೋನು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಲಂಡನ್ನಿನ ಅಬ್ಬೆ ರೋಡಿನ ಇಎಂಐ ಸ್ಟುಡಿಯೋದಲ್ಲಿ ಆಗ ಇದ್ದದ್ದು ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರ. ಟ್ರ್ಯಾಕ್ ಅಂದರೆ ಒಂದೊಂದು ಶಬ್ದವನ್ನು ಬೇರೆಯಾಗಿ ತುಂಬಿಡೋ ಜಾಗ. ಸ್ಟುಡರ್ ಜೆ37 ಅಂತ, ಒಂದಿಂಚು ಅಗಲದ ಟೇಪು. ನಾಲ್ಕು ಅಂದರೆ ನಾಲ್ಕೇ. ಡ್ರಮ್ಸು, ಬೇಸು, ಗಿಟಾರು, ಆರ್ಗನ್ ಹಾಕಿದರೆ ಜಾಗ ಮುಗೀತು, ಹಾಡೋರಿಗೆಲ್ಲಿ? ಆಗ ಆ ನಾಲ್ಕನ್ನೂ ಸೇರಿಸಿ ಇನ್ನೊಂದು ಯಂತ್ರದ ಒಂದೋ ಎರಡೋ ಟ್ರ್ಯಾಕಿಗೆ ಇಳಿಸುತ್ತಿದ್ದರು. ಉಳಿದ ಜಾಗದಲ್ಲಿ ಹಾಡುಗಾರಿಕೆ, ಚಿಲ್ಲರೆ ಶಬ್ದ, ಇತ್ಯಾದಿ. ಇಳಿಸಿದ ಮೇಲೆ 'ಅಯ್ಯೋ, ಡ್ರಮ್ಸ್ ಒಂಚೂರು ಕಮ್ಮಿ ಮಾಡಿ' ಅಂದರೆ ಆಗಲ್ಲ. ಬಿಸಿಬೇಳೆ ಬಾತ್ ಕಲಸಿದ ಮೇಲೆ ಅನ್ನ ಬೇರೆ, ಬೇಳೆ ಬೇರೆ ಮಾಡೋಕಾಗುತ್ತಾ? ಹಾಗೆ. ಇಳಿಸಿದಷ್ಟೂ ಟೇಪಿನ 'ಸ್ಸ್' ಶಬ್ದ ಬೇರೆ ಏರುತ್ತೆ.

ಈಗ ಇದನ್ನು ಸ್ಟಿರಿಯೋ ಮಾಡು ಅಂದರೆ ಏನು ಮಾಡ್ತೀಯ? ಕೈಯಲ್ಲಿರೋದೇ ನಾಲ್ಕು ಮುದ್ದೆ. ಒಂದನ್ನು ಎಡಕ್ಕಿಡು, ಒಂದನ್ನು ಬಲಕ್ಕಿಡು. ಈಗಿನವರ ಹಾಗೆ ಡ್ರಮ್ಸನ್ನು ಅಗಲವಾಗಿ ಹರಡೋಕೆ ಆಗಲ್ಲ. ಅದಕ್ಕೇ ಆ ಕಾಲದ ಸ್ಟಿರಿಯೋ ಒಂದು ಕಿವಿಗೆ ಅರ್ಧ ಬ್ಯಾಂಡು, ಇನ್ನೊಂದು ಕಿವಿಗೆ ಇನ್ನರ್ಧ.

ಪೀಣ್ಯ ಎರಡನೇ ಹಂತ

ಅಂದ್ರೆ ಇವರು ಎರಡು ತಿಂಗಳಿಂದ ಅರ್ಧ ಟಿಕೆಟ್‌ನಲ್ಲಿ ಹಾಡು ಕೇಳ್ತಿದ್ದಾರೆ 😄

ಸೂಜಿ ಮೊನೆ

ಫೇಡರ್ ಅವರು ಹೇಳಿದ್ದು ಸರಿ. ಆದರೆ ಮುಖ್ಯ ಮಾತು ಒಂದು ಬಿಟ್ಟರು. ಈ ಆಲ್ಬಮ್ ಎರಡಿದೆ.

1967ರ ಆಗಸ್ಟಿನಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದಾಗ ಮೋನೋ (ಎಲ್ಲ ಶಬ್ದವೂ ಒಂದರಲ್ಲೇ) ಬೇರೆ, ಸ್ಟಿರಿಯೋ ಬೇರೆ ಅಂತ ಎರಡು ಎಲ್‌ಪಿ ಬಂದವು. ಇಎಂಐನ ಕೊಲಂಬಿಯಾ ಲೇಬಲ್. ಮೋನೋ ತಟ್ಟೆಯ ಸಂಖ್ಯೆ ಎಸ್‌ಎಕ್ಸ್ 6157, ಸ್ಟಿರಿಯೋದ್ದು ಎಸ್‌ಸಿಎಕ್ಸ್ 6157. ನಡುವೆ ಒಂದು 'ಸಿ' ಅಷ್ಟೇ ವ್ಯತ್ಯಾಸ. ಆ ಒಂದು ಅಕ್ಷರಕ್ಕೆ ನಮ್ಮಂಥ ತಟ್ಟೆ ಹುಚ್ಚರು ಜಗಳ ಆಡ್ತೀವಿ.

ಆ ಕಾಲಕ್ಕೆ ಮನೆಗಳಲ್ಲಿದ್ದದ್ದು ಒಂದೇ ಸ್ಪೀಕರಿನ ಪೆಟ್ಟಿಗೆ. ಚಾಮರಾಜಪೇಟೆಯ ನಮ್ಮ ಮನೆಯಲ್ಲೂ ಒಂದು ರೇಡಿಯೋಗ್ರಾಮ್ ಇತ್ತು, ಮೇಲೆ ಕ್ರೋಷಾ ಬಟ್ಟೆ, ಅದರ ಮೇಲೆ ಗಣೇಶ. ತಟ್ಟೆ ಹಾಕಬೇಕು ಅಂದರೆ ಮೊದಲು ಗಣೇಶನನ್ನು ಎತ್ತಿ ಪಕ್ಕಕ್ಕಿಡಬೇಕು. ಸ್ಟಿರಿಯೋ ಅನ್ನೋ ಮಾತು ನಾನು ಕೇಳಿದ್ದೇ ಕಾಲೇಜಿಗೆ ಹೋದ ಮೇಲೆ. ಇಂಗ್ಲೆಂಡಿನಲ್ಲೂ ಪಾಪ್ ಹುಡುಗರ ಮನೆಯ ಸ್ಥಿತಿ ಹೆಚ್ಚುಕಮ್ಮಿ ಅದೇ. ಹಾಗಾಗಿ ತಲೆ ಕೆಡಿಸಿಕೊಂಡು, ಸಮಯ ಕೊಟ್ಟು ಮಾಡುತ್ತಿದ್ದದ್ದು ಮೋನೋ ಮಿಕ್ಸು. ಸ್ಟಿರಿಯೋ ಬೇಗಬೇಗ ಮುಗಿಸೋ ಕೆಲಸ.

ಮೋನೋ ಕೇಳಿ. 2007ರಲ್ಲಿ ನಲವತ್ತು ವರ್ಷದ ನೆನಪಿಗೆ ತಂದ ಸಿಡಿಯಲ್ಲಿ ಎರಡೂ ಮಿಕ್ಸ್ ಇವೆ. ಅದರಲ್ಲಿ ಆ ಜೋಕಾಲಿ ಇಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು ನಿಮ್ಮ ಎದೆಗೆ ನೇರ ನುಡಿಸಿದ ಹಾಗಿದೆ.

ಬನಶಂಕರಿ ಲೋಕಲ್

ಸರ್, ಫೋನ್ ಸೆಟ್ಟಿಂಗ್ಸ್‌ನಲ್ಲಿ 'ಮೋನೋ ಆಡಿಯೋ' ಅಂತ ಒಂದು ಬಟನ್ ಇದೆ. ಈಗಷ್ಟೇ ಒತ್ತಿದೆ. ಎಲ್ಲ ಕೇಳಿಸ್ತಿದೆ! ಇದೇ ತಾನೇ ನೀವು ಹೇಳಿದ ಮೋನೋ?

ಫೇಡರ್ ಮೇಲೆ ಬೆರಳು

ಅಲ್ಲ ಅಲ್ಲ. ಅದು ಸ್ಟಿರಿಯೋದ ಎರಡು ಕಡೆಯನ್ನೂ ಒಂದೇ ಪಾತ್ರೆಗೆ ಸುರಿಯೋದು. ಹಾಗೆ ಸುರಿದಾಗ ನಡುವೆ ಇದ್ದ ಶಬ್ದ ಎರಡೂ ಕಡೆಯಿಂದ ಬಂದು ಜಾಸ್ತಿಯಾಗುತ್ತೆ, ಅಂಚಿನಲ್ಲಿದ್ದದ್ದು ಸೊರಗುತ್ತೆ. ಒಂದೊಂದು ಸಲ ಎರಡು ಅಲೆ ಒಂದನ್ನೊಂದು ಹೊಡೆದುಕೊಂಡು ಶಬ್ದವೇ ತೆಳ್ಳಗಾಗುತ್ತೆ. ಸೂಜಿ ಮೊನೆ ಸರ್ ಹೇಳಿದ ಮೋನೋ, ಮೂಲ ಟೇಪಿನಿಂದ ಬೇರೆಯಾಗಿಯೇ ಕೂತು ಮಾಡಿದ ಮಿಕ್ಸು. ಯಾವುದು ಎಷ್ಟಿರಬೇಕು ಅಂತ ಕಿವಿಯಲ್ಲಿ ತೂಗಿ ಮಾಡಿದ್ದು.

ಆದರೂ ಒಂದೇ ಕಿವಿಯಲ್ಲಿ ಕೇಳೋರಿಗೆ ಆ ಬಟನ್ ದೊಡ್ಡ ಉಪಕಾರ. ಒತ್ತಿಟ್ಟಿರು.

ಮೋರ್ಸಿಂಗ್ ಮಲ್ಲಿಗೆ

ನಾನು ಕರ್ನಾಟಕ ಸಂಗೀತ ಕಲಿತವಳು, ರಾಕ್ ಗೊತ್ತಿಲ್ಲ. ಈ ಚರ್ಚೆ ನೋಡಿ ಇವತ್ತು ಮಧ್ಯಾಹ್ನ ಆ ಹತ್ತು ನಿಮಿಷದ ಹಾಡು ಕೇಳಿದೆ. ಮೊದಲ ಸಾಲು ಅರ್ಧರ್ಧ ಸ್ವರವಾಗಿ ಮೆಟ್ಟಿಲು ಇಳಿಯುತ್ತೆ. ಆಮೇಲೆ ಎಲ್ಲರೂ ದಿಕ್ಕಾಪಾಲು. ಕೊನೆಗೆ ಎಲ್ಲಿಂದಲೋ ಅದೇ ಸಾಲಿಗೆ ವಾಪಸ್. ಮನೋಧರ್ಮ ಮುಗಿಸಿ ಪಲ್ಲವಿಗೆ ಬಂದು ಸೇರಿದ ಹಾಗೇ ಅನ್ನಿಸಿತು. ಪಕ್ಕಾ ನಮ್ಮದೇ ಪದ್ಧತಿ!

ಫೇಡರ್ ಮೇಲೆ ಬೆರಳು

ಮೇಡಂ, ಅರ್ಧ ಒಪ್ಪಿದೆ. ಸಾಲು, ಅಲೆದಾಟ, ಮತ್ತೆ ಸಾಲು, ಅಲ್ಲಿತನಕ ಸರಿ. ಆದರೆ ನಿಮ್ಮಲ್ಲಿ ಎಷ್ಟೇ ದೂರ ಹೋದರೂ ಕೈಯಲ್ಲಿ ತಾಳ ಇರುತ್ತೆ, ಎಡುಪಿಗೆ (ಸಾಲು ಶುರುವಾಗೋ ಜಾಗಕ್ಕೆ) ಸರಿಯಾಗಿ ಬಂದು ಬೀಳಲೇಬೇಕು. ಇಲ್ಲಿ ನಡುವಿನ ಭಾಗದಲ್ಲಿ ಯಾರ ಕೈಯಲ್ಲೂ ಲೆಕ್ಕ ಇಲ್ಲ. ಡ್ರಮ್ಸ್ ನಿಕ್ ಮೇಸನ್ ಅವರೇ ಸುಮ್ಮನಾಗಿ ಬಿಡ್ತಾರೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಂದು ಸೇರ್ತಾರೆ.

ಮೋರ್ಸಿಂಗ್ ಮಲ್ಲಿಗೆ

ತನಿ ಆವರ್ತನದಲ್ಲಿ (ಲಯವಾದ್ಯದವರ ಸರದಿಯಲ್ಲಿ) ನಾವೂ ಮುಖ ನೋಡಿಕೊಂಡೇ ಬಂದು ಸೇರೋದು ಸ್ವಾಮಿ, ಸಭಿಕರಿಗೆ ಹೇಳಲ್ಲ ಅಷ್ಟೇ.

ಅರಮನೆ ಮೈದಾನ

ಆ ಮೆಟ್ಟಿಲಿಳಿಯೋ ಸಾಲು ಹುಟ್ಟಿದ್ದು ಹೇಗೆ ಗೊತ್ತಾ? ಬ್ಯಾಂಡಿನ ಮ್ಯಾನೇಜರ್ ಪೀಟರ್ ಜೆನ್ನರ್. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಮೇಷ್ಟ್ರಾಗಿದ್ದವರು. 'ಲವ್' ಅನ್ನೋ ಅಮೆರಿಕದ ಬ್ಯಾಂಡಿನ ಒಂದು ಹಾಡು ಅವರ ತಲೆಯಲ್ಲಿ ಕೂತಿತ್ತು, ಹೆಸರು ನೆನಪಾಗ್ತಿರಲಿಲ್ಲ. ಬ್ಯಾಂಡಿನ ಗಿಟಾರಿಸ್ಟ್, ಹಾಡುಗಾರ ಸಿಡ್ ಬ್ಯಾರೆಟ್ ಮುಂದೆ ಗುನುಗಿದರು. ಅವರು ಗುನುಗಿದ್ದು ಅಡ್ಡಾದಿಡ್ಡಿ. ಸಿಡ್ ಅದನ್ನೇ ಗಿಟಾರಿನಲ್ಲಿ ಹುಡುಕುತ್ತಾ ಹೋಗಿ ಬೇರೆಯದೇ ಸಾಲು ಸಿಕ್ಕಿತು. ಮೇಷ್ಟ್ರಿಗೆ ಶ್ರುತಿ ಚೆನ್ನಾಗಿದ್ದಿದ್ದರೆ ಈ ಹಾಡೇ ಇರುತ್ತಿರಲಿಲ್ಲ. ಆಲ್ಬಮ್ ಶುರುವಾಗುವಾಗ ಮೆಗಾಫೋನಿನಲ್ಲಿ ಗ್ರಹ ನಕ್ಷತ್ರಗಳ ಹೆಸರು ಓದುವ ದನಿಯೂ ಇವರದ್ದೇ.

ಕ್ಲಬ್ಬುಗಳಲ್ಲಿ ಈ ಹಾಡನ್ನು ಎಷ್ಟು ಹೊತ್ತು ಬೇಕಾದರೂ ಎಳೆಯುತ್ತಿದ್ದರಂತೆ. ಎಲ್‌ಪಿಯ ಒಂದು ಮುಖದಲ್ಲಿ ಹಿಡಿಸೋದೇ ಇಪ್ಪತ್ತು ಚಿಲ್ಲರೆ ನಿಮಿಷ, ಅಲ್ಲಿ ಅದು ನಡೆಯಲ್ಲ. ಕತ್ತರಿಸಿ ಹತ್ತು ನಿಮಿಷಕ್ಕೆ ಇಳಿಸಿದರು. ಒಮ್ಮೆ ನುಡಿಸಿದ್ದರ ಮೇಲೆ ಇನ್ನೊಮ್ಮೆ ನುಡಿಸಿ ಪದರ ಹಾಕಿದರು.

ಈ ಬಿಗಿ ಹಿಡಿದದ್ದು ನಿರ್ಮಾಪಕ ನಾರ್ಮನ್ ಸ್ಮಿತ್. 'ರಬ್ಬರ್ ಸೋಲ್' ಆಲ್ಬಮ್ ತನಕ ಬೀಟಲ್ಸ್‌ಗೆ ಇವರೇ ಎಂಜಿನಿಯರ್. ಇಎಂಐ 5,000 ಪೌಂಡ್ ಮುಂಗಡ ಕೊಟ್ಟು ಬ್ಯಾಂಡನ್ನು ಸೇರಿಸಿಕೊಂಡ ಮೇಲೆ 'ನಮ್ಮ ಸ್ಟುಡಿಯೋ, ನಮ್ಮ ನಿರ್ಮಾಪಕ' ಅಂತ ಪಟ್ಟು ಹಿಡಿಯಿತು. ಮೊದಲ ಸಿಂಗಲ್ 'ಆರ್ನಾಲ್ಡ್ ಲೇನ್' ಮಾಡಿಸಿದ್ದ ಜೋ ಬಾಯ್ಡ್ ಹೊರಗೆ. ಫೆಬ್ರವರಿಯಲ್ಲಿ 'ಮಟಿಲ್ಡಾ ಮದರ್' ಹಾಡಿನಿಂದ ಕೆಲಸ ಶುರು. ಪಕ್ಕದ ಸ್ಟುಡಿಯೋದಲ್ಲಿ ಬೀಟಲ್ಸ್ 'ಸಾರ್ಜೆಂಟ್ ಪೆಪ್ಪರ್' ಮಾಡ್ತಿದ್ದರು. ಒಂದು ದಿನ ಇವರನ್ನು ಕರೆದುಕೊಂಡು ಹೋಗಿ ತೋರಿಸಿದರಂತೆ. ಇವರು ಹಿಂದೆ ಬಾಯಿಮುಚ್ಚಿ ಕೂತು ನೋಡಿ ಬಂದರು ಅಂತ ಮೇಸನ್ ಬರೆದುಕೊಂಡಿದ್ದಾರೆ.

ನನ್ನ ಹೆಸರು ನೋಡಿ ಗೊತ್ತಾಗಿರಬೇಕು. 2002ರಲ್ಲಿ ಈ ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದ ರೋಜರ್ ವಾಟರ್ಸ್ ಇಲ್ಲಿ ಅರಮನೆ ಮೈದಾನಕ್ಕೆ ಬಂದಾಗ ನಾನು ಹೋಗಿದ್ದೆ. ಆ ಮನುಷ್ಯನ ಮೊದಲ ಹಾಡು ಈ ಆಲ್ಬಮ್ಮಿನಲ್ಲೇ ಇದೆ, 'ಟೇಕ್ ಅಪ್ ದೈ ಸ್ಟೆತೋಸ್ಕೋಪ್ ಅಂಡ್ ವಾಕ್'. ಸುಮಾರಾಗಿದೆ, ನಿಜ ಹೇಳ್ತೀನಿ. ಹನ್ನೊಂದರಲ್ಲಿ ಎಂಟು ಸಿಡ್ ಬರೆದದ್ದು, ಎರಡು ಎಲ್ಲರೂ ಸೇರಿ ಮಾಡಿದ್ದು, ಇವರದ್ದು ಇದೊಂದೇ.

ಪೀಣ್ಯ ಎರಡನೇ ಹಂತ

ಇಷ್ಟೆಲ್ಲ ಯಾಕೆ? ಎಲ್‌ಎಸ್‌ಡಿ ಹೊಡೆದು ಮಾಡಿದ ಆಲ್ಬಮ್, ಹಂಗೇ ಇರುತ್ತೆ.

ಸೂಜಿ ಮೊನೆ

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ಟೇಪು ಅಳೆದು, ಬ್ಲೇಡಿನಲ್ಲಿ ಕೊಯ್ದು, ಅಂಟು ಪಟ್ಟಿ ಹಾಕಿ ಕೂಡಿಸೋನು ಅಮಲಿನಲ್ಲಿದ್ದರೆ ಬೆರಳೇ ಹೋಗುತ್ತೆ. ಇಎಂಐ ಅಂದರೆ ಸರ್ಕಾರಿ ಕಚೇರಿ ಥರ ನಡೆಯುತ್ತಿದ್ದ ಜಾಗ.

ಸಿಡ್ ತಗೊಳ್ಳುತ್ತಿದ್ದದ್ದು ಹೌದು. ಅದು ಮಾಡಿದ ಅನಾಹುತವೂ ಎಲ್ಲರಿಗೂ ಗೊತ್ತು. ಆಲ್ಬಮ್ ಬಂದ ವರ್ಷದ ಕೊನೆಗೇ ವೇದಿಕೆ ಮೇಲೆ ಸುಮ್ಮನೆ ನಿಂತುಬಿಡುವ ಸ್ಥಿತಿ. ಇನ್ನೊಬ್ಬ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ಬಂದು ಸೇರಿದರು, 1968ರ ಏಪ್ರಿಲ್ ಹೊತ್ತಿಗೆ ಸಿಡ್ ಹೊರಗೆ. ಆಮೇಲೆ ಊರು ಕೇಂಬ್ರಿಡ್ಜ್‌ಗೆ ವಾಪಸ್ ಹೋಗಿ ಚಿತ್ರ ಬರೆದುಕೊಂಡು, ತೋಟ ನೋಡಿಕೊಂಡು ಇದ್ದು 2006ರಲ್ಲಿ ತೀರಿಕೊಂಡರು. 60 ವರ್ಷ. ಅದನ್ನು ಹೀರೋಗಿರಿ ಮಾಡಿ ಹೇಳೋದು ಬೇಡ.

ಪೀಣ್ಯ ಎರಡನೇ ಹಂತ

ಸರಿ ಸರ್, ತಮಾಷೆಗೆ ಹೇಳಿದ್ದು. ಬೇಜಾರಾಗಬೇಡಿ.

ಕುಕ್ಕರ್ ಸೀಟಿ

ನಾಲ್ಕು ಟ್ರ್ಯಾಕ್ ಅಂತ ಓದಿ ಹೊಟ್ಟೆ ಉರೀತು. ನಮ್ಮ ಕಥೆ ಹೇಳ್ತೀನಿ.

ನಾವು ನಾಲ್ಕು ಜನ, ಕನ್ನಡದಲ್ಲಿ ಸೈಕೆಡೆಲಿಕ್ ರಾಕ್ ಮಾಡ್ತೀವಿ ಅಂತ ಹೊರಟೋರು. ಮೂರು ಜನ ಎಂಜಿನಿಯರಿಂಗ್, ಒಬ್ಬ ಬಿ.ಕಾಂ. ಪಿಂಕ್ ಫ್ಲಾಯ್ಡ್‌ನಲ್ಲೂ ವಾಟರ್ಸ್, ಮೇಸನ್, ರೈಟ್ ಮೂವರೂ ಆರ್ಕಿಟೆಕ್ಚರ್ ಓದಲು ಸೇರಿದ್ದವರು ಅಂತ ಹೇಳಿ ಮನೆಯವರ ಬಾಯಿ ಮುಚ್ಚಿಸಿದ್ದೆವು. ಗಿರಿನಗರದಲ್ಲಿ ನಮ್ಮ ಡ್ರಮ್ಮರ್ ಮನೆಯ ಮಹಡಿ ಕೋಣೆಯೇ ಸ್ಟುಡಿಯೋ. ಗೋಡೆಗೆ ಹಳೇ ಹಾಸಿಗೆ. ಎದುರು ಸೈಟಿನಲ್ಲಿ ಬೋರ್‌ವೆಲ್ ಕೊರೆಯೋರು ಬಂದರೆ ಆ ದಿನ ರಜೆ.

ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕಿಗೆ ಮಿತಿ ಇಲ್ಲವಲ್ಲ. ಒಂದೇ ಹಾಡಿಗೆ 74 ಟ್ರ್ಯಾಕ್ ಆಯಿತು. ಒಂದು ಗಿಟಾರಿಗೆ ಒಂಬತ್ತು ಥರ ಎಕೋ. ಯಾವುದು ಇಡಬೇಕು, ಯಾವುದು ಬಿಡಬೇಕು ಅಂತ ಜಗಳ. 'ಆಮೇಲೆ ನೋಡೋಣ, ಸದ್ಯಕ್ಕೆ ಇರಲಿ.' ಈ 'ಆಮೇಲೆ ನೋಡೋಣ' ಏಳು ತಿಂಗಳು ತಿಂದಿತು. ಬೇಸ್ ನುಡಿಸೋನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿ ಹೋದ.

ಒಂದು ಒಳ್ಳೇದು ಆಯಿತು. ಒಂದು ರಾತ್ರಿ ಒಳ್ಳೇ ಟೇಕ್ ನಡೀತಿದೆ, ಹಾಡೋನು ಕೊನೇ ಸಾಲಿಗೆ ಬಂದಿದ್ದಾನೆ, ಕೆಳಗಿಂದ ಆಂಟಿ ಕುಕ್ಕರ್ ಸೀಟಿ. ಮೂರು. ಎಲ್ಲರೂ ತಲೆ ಚಚ್ಚಿಕೊಂಡೆವು. ಆಮೇಲೆ ಕೇಳಿದರೆ ಮೂರನೇ ಸೀಟಿ ಹಾಡಿನ ಶ್ರುತಿಗೆ ಹತ್ತಿರ ಹತ್ತಿರ ಇತ್ತು. ಅದಕ್ಕೆ ಉದ್ದ ಎಕೋ ಹಾಕಿ ಹಾಗೇ ಬಿಟ್ಟೆವು. ಕೇಳಿದವರೆಲ್ಲ 'ಆ ಸಿಂಥ್ ಯಾವುದು?' ಅಂತಾರೆ. ಆಂಟಿಗೆ ಹೇಳಿದರೆ, 'ಅವತ್ತು ತೊಗರಿಬೇಳೆ ಬೆಂದಿರಲಿಲ್ಲ' ಅಂದರು.

ಬಿಡುಗಡೆ ಅಂದರೆ ಶುಕ್ರವಾರ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು ಹನ್ನೆರಡು ಗಂಟೆ ಆಗೋದನ್ನೇ ನೋಡಿದ್ದು. ಹಾಡು ಹಂಚುವ ಒಂದು ಕಂಪನಿ ನಮ್ಮ ಕನ್ನಡ ಹೆಸರನ್ನು ಇಂಗ್ಲಿಷಿನಲ್ಲಿ ತಪ್ಪಾಗಿ ಹಾಕಿ, ಹುಡುಕಿದರೆ ಯಾವುದೋ ಭಕ್ತಿಗೀತೆ ಬರ್ತಿತ್ತು. ಸರಿಮಾಡೋಕೆ ಹನ್ನೊಂದು ದಿನ.

ಫೇಡರ್ ಮೇಲೆ ಬೆರಳು

74! ನನ್ನ ಹತ್ತಿರ ತಂದಿದ್ದರೆ ಬಾಗಿಲು ಹಾಕಿಕೊಳ್ತಿದ್ದೆ.

ಎಕೋ ಅಂದಿರಿ, ಹೇಳ್ತೀನಿ. ಸಿಡ್ ಹತ್ತಿರ ಇದ್ದದ್ದು ಬಿನ್ಸನ್ ಎಕೋರೆಕ್ ಅನ್ನೋ ಇಟಲಿಯ ಪೆಟ್ಟಿಗೆ. ಟೇಪಿನ ಬದಲು ಒಳಗೆ ಒಂದು ಕಾಂತದ ಚಕ್ರ ತಿರುಗುತ್ತೆ. ಒಂದು ಹೆಡ್ ಶಬ್ದ ಬರೆಯುತ್ತೆ, ಸುತ್ತ ಇರೋ ಬೇರೆ ಹೆಡ್‌ಗಳು ಸ್ವಲ್ಪ ಸ್ವಲ್ಪ ತಡವಾಗಿ ಓದುತ್ತವೆ. ಗಿಟಾರ್ ತಂತಿ ಮೇಲೆ ಸಿಗರೇಟ್ ಲೈಟರ್ ಉಜ್ಜಿ ಅದನ್ನು ಈ ಪೆಟ್ಟಿಗೆಗೆ ಬಿಟ್ಟರೆ ಅಂತರಿಕ್ಷ ರೆಡಿ. ಅದಕ್ಕೆ ಟ್ರ್ಯಾಕ್ ಬೇಡ, ನುಡಿಸುವಾಗಲೇ ಆಗಿಹೋಗುತ್ತೆ.

ಇನ್ನೊಂದು ಉಪಾಯ ಎಡಿಟಿ, ಅಂದರೆ ಒಂದೇ ದನಿಯನ್ನು ಯಂತ್ರದಲ್ಲಿ ಎರಡು ಮಾಡೋದು. 1966ರಲ್ಲಿ ಅಬ್ಬೆ ರೋಡಿನ ಕೆನ್ ಟೌನ್‌ಸೆಂಡ್ ಮಾಡಿದ್ದು. ಒಂದೇ ಸಾಲನ್ನು ಎರಡೆರಡು ಸಲ ಹಾಡೋಕೆ ಬೀಟಲ್ಸ್‌ನ ಜಾನ್ ಲೆನನ್‌ಗೆ ಬೇಜಾರು. ಅದಕ್ಕೆ ಇನ್ನೊಂದು ಟೇಪ್ ಯಂತ್ರವನ್ನು ಜೊತೆಗೆ ಓಡಿಸಿ, ಅದರ ವೇಗವನ್ನು ಚೂರುಚೂರು ಏರಿಳಿಸಿದರು. ಒಬ್ಬನೇ ಹಾಡಿದ್ದು ಇಬ್ಬರು ಹಾಡಿದ ಹಾಗೆ ಕೇಳುತ್ತೆ. ಪೈಪರ್‌ನಲ್ಲೂ ಇದು ಬೇಕಾದಷ್ಟಿದೆ.

ಮೋರ್ಸಿಂಗ್ ಮಲ್ಲಿಗೆ

ಪೂರ್ತಿ ಆಲ್ಬಮ್ ಕೇಳಿದೆ. ಕೊನೆಯ ಹಾಡು 'ಬೈಕ್' ನನಗೆ ತುಂಬಾ ಹಿಡಿಸಿತು. ಹುಡುಗಿಗೆ ಸೈಕಲ್ ತೋರಿಸಿ, ಬೇಕಾದರೆ ಓಡಿಸು, ಕೊಡ್ತಿದ್ದೆ, ಆದರೆ ಇದು ಬೇರೆಯವರ ಹತ್ತಿರ ತಂದದ್ದು ಅಂತಾನಲ್ಲ! ಎಷ್ಟು ಪ್ರಾಮಾಣಿಕ ಪ್ರೇಮಿ. ಶಿಶುಗೀತೆ ಥರ ಹೋಗ್ತಾ ಹೋಗ್ತಾ ಕೊನೆಗೆ ಬಾತುಕೋಳಿಗಳು ನಕ್ಕ ಹಾಗೆ ಏನದು? ನಮ್ಮ ಮನೆ ಬೆಕ್ಕು ಎದ್ದು ಓಡಿತು.

ಫೇಡರ್ ಮೇಲೆ ಬೆರಳು

ಅದು ಮನುಷ್ಯರ ನಗುವೇ. ಟೇಪಿನ ವೇಗ ಹೆಚ್ಚಿಸಿ, ತುದಿಗೆ ತುದಿ ಅಂಟಿಸಿ ಸುತ್ತು ಹಾಕಿದ್ದಾರೆ.

ಸೂಜಿ ಮೊನೆ

ಪಾಪ, ಅಮೆರಿಕದವರಿಗೆ ಆ ಬಾತುಕೋಳಿ ಸಿಗಲೇ ಇಲ್ಲ. ಅಲ್ಲಿ ಅದೇ ವರ್ಷ ಅಕ್ಟೋಬರಿನಲ್ಲಿ ಟವರ್ ಅನ್ನೋ ಲೇಬಲ್ ಬಿಡುಗಡೆ ಮಾಡಿದಾಗ 'ಆಸ್ಟ್ರಾನಮಿ ಡಾಮಿನೆ', 'ಫ್ಲೇಮಿಂಗ್', 'ಬೈಕ್' ಮೂರನ್ನೂ ಕಿತ್ತು, 'ಸೀ ಎಮಿಲಿ ಪ್ಲೇ' ಸಿಂಗಲ್ಲನ್ನು ತಂದು ಮೊದಲಿಗೆ ಕೂಡಿಸಿದರು. ಮೊದಲನೆಯದ್ದೂ ಕೊನೆಯದ್ದೂ ಇಲ್ಲದ ಪೈಪರ್. ತಲೆ ಬಾಲ ಎರಡೂ ಇಲ್ಲದ ಮೀನು.

ಇಂಗ್ಲೆಂಡಿನಲ್ಲಿ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 6ನೇ ಜಾಗಕ್ಕೆ ಏರಿತು.

ಹೊದಿಕೆಯ ಬಗ್ಗೆ ಯಾರೂ ಹೇಳಲಿಲ್ಲ. ಒಂದೊಂದು ಮುಖವೂ ಮೂರು ನಾಲ್ಕಾಗಿ ಕಾಣುತ್ತದಲ್ಲ, ಅದು ವಿಕ್ ಸಿಂಗ್ ಅನ್ನೋ ಫೋಟೋಗ್ರಾಫರ್ ತೆಗೆದದ್ದು. ಮುಖವನ್ನು ಹಾಗೆ ಹಲವಾಗಿ ತೋರಿಸೋ ಕ್ಯಾಮೆರಾ ಗಾಜನ್ನು ಅವರಿಗೆ ಕೊಟ್ಟದ್ದು ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್. ಹಿಂಬದಿಯ ನೆರಳು ಚಿತ್ರ ಸಿಡ್ ಅವರೇ ಬರೆದದ್ದು. ನನ್ನ ಹತ್ತಿರ ಇರೋದು ಆಮೇಲೆ ಅಚ್ಚಾದ ತಟ್ಟೆ. ಅವೆನ್ಯೂ ರಸ್ತೆ ಕಡೆಯ ಭಾನುವಾರದ ಸಂತೆಯಲ್ಲಿ ಮಿಕ್ಸಿ ಜಾರುಗಳ ಕೆಳಗೆ ಸಿಕ್ಕಿತು. ಹೊದಿಕೆ ಮೇಲೆ ಯಾರೋ ಪೆನ್ನಿನಲ್ಲಿ ಹಾಲಿನ ಲೆಕ್ಕ ಬರೆದಿದ್ದಾರೆ. ಸಿಡ್ ಹಣೆ ಮೇಲೆ ಅರ್ಧ ಲೀಟರ್.

ಕುಕ್ಕರ್ ಸೀಟಿ

ಸರ್ ಫೋಟೋ ಹಾಕಿ ಪ್ಲೀಸ್!!

ಸೂಜಿ ಮೊನೆ

ಮಗಳು ಊರಿಂದ ಬಂದಾಗ ಹಾಕಿಸ್ತೀನಿ. ನನಗೆ ಆ ಫೋಟೋ ಏರಿಸೋದೆಲ್ಲ ಬರಲ್ಲ.

ಬನಶಂಕರಿ ಲೋಕಲ್

ವಾರ ಆಯಿತು, ವರದಿ ಒಪ್ಪಿಸ್ತೀನಿ.

ಮೋನೋ ಮಿಕ್ಸ್ ಸಿಕ್ಕಿತು. ಮೂರು ದಿನ ಅದೇ ಕೇಳಿದೆ, ಎಡಗಿವಿ ಒಂದರಲ್ಲೇ. ಯಶವಂತಪುರ ಬಂತು, ಶಬ್ದ ಹೋಗಲಿಲ್ಲ. ಆ ಮೆಟ್ಟಿಲಿಳಿಯೋ ಸಾಲು ವಾಪಸ್ ಬರುವಾಗ ರೈಲು ಗೊರಗುಂಟೆಪಾಳ್ಯದ ಕಡೆ ಹೊರಟಿತ್ತು. ಪೀಣ್ಯದಲ್ಲಿ ಇಳಿಯೋದು ಮರೆತು ಮುಂದಿನ ಸ್ಟೇಷನ್ ತನಕ ಹೋಗಿ ವಾಪಸ್ ಬಂದೆ.

ಶನಿವಾರ ಎಸ್‌.ಪಿ. ರೋಡಿಗೆ ಹೋಗಿ ವೈರು ಬೆಸುಗೆ ಹಾಕಿಸಿದೆ. ಅಂಗಡಿಯವರು ರಬ್ಬರ್ ಬ್ಯಾಂಡ್ ಬಿಚ್ಚಿ ನನ್ನ ಮುಖವನ್ನೇ ಒಂದು ಸಲ ನೋಡಿದರು. ಈಗ ಎರಡೂ ಕಿವಿ ಬರುತ್ತೆ. ಸ್ಟಿರಿಯೋದಲ್ಲಿ ಆ ಜೋಕಾಲಿ ಕೇಳಿದೆ. ತಲೆ ಗಿರ್ ಅಂತು, ಮಜಾ ಇದೆ. ಆದರೆ ಇವತ್ತು ಬೆಳಗ್ಗೆ ಮತ್ತೆ ಮೋನೋನೇ ಹಾಕಿಕೊಂಡೆ.

ಪೀಣ್ಯ ಎರಡನೇ ಹಂತ

ಹಂಗಾದ್ರೆ ದುಡ್ಡು ಕೊಟ್ಟು ರಿಪೇರಿ ಯಾಕಪ್ಪಾ ಮಾಡಿಸಿದೆ?